"ಡೇಟಾ ಹೋಗ್ತದರೀ, ನಡೀತದೇನ್ರೀ?": ಧಾರವಾಡದ ಒಂದು ಕಸೂತಿ ಫೋನಿನ ಪ್ರಕರಣ

2025ರ ಜನವರಿ 8. ಧಾರವಾಡದ ಮಾಳಮಡ್ಡಿಯಿಂದ ಒಬ್ಬ ಅಕ್ಕ ಹುಬ್ಬಳ್ಳಿಯ ನನ್ನ ಅಂಗಡಿಗೆ ಬಂದರು. ವಯಸ್ಸು ಐವತ್ತೆರಡು. ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಅಂಚು ಮಾಸಿದ ನೋಟ್‌ಬುಕ್ಕು. ಫೋನ್ ಚೆನ್ನಾಗಿಯೇ ನಡೆಯುತ್ತಿತ್ತು. ಡಿಸ್‌ಪ್ಲೇ ಒಡೆದಿರಲಿಲ್ಲ, ಚಾರ್ಜ್ ಏರುತ್ತಿತ್ತು, ಕಾಲ್ ಹೋಗುತ್ತಿತ್ತು. ಗ್ಯಾಲರಿ ತೆಗೆದರೆ ಮಾತ್ರ ಖಾಲಿ.

"ತಮ್ಮಾ, ಇದರಾಗ ನಮ್ಮವ್ವನ ಧ್ವನಿ ಇತ್ತು. ಎಲ್ಲಿ ಹೋತು ನೋಡಪಾ" ಅಂದರು.

ನಾನು ಹದಿನಾಲ್ಕು ವರ್ಷದಿಂದ ಮೊಬೈಲ್ ರಿಪೇರಿ ಮಾಡುತ್ತಿದ್ದೇನೆ. ಫೋಟೋ ಹೋಯಿತು ಅಂತ ಬರುವವರು ವಾರಕ್ಕೆ ಇಬ್ಬರಾದರೂ ಇರುತ್ತಾರೆ. ಅವರಲ್ಲಿ ಈ ಒಂದು ಪ್ರಕರಣವನ್ನೇ ಪೂರ್ತಿ ಬರೆದಿಡಬೇಕು ಅನ್ನಿಸಿತು. ಹೋದದ್ದು ಎಷ್ಟು, ಸಿಕ್ಕಿದ್ದು ಎಷ್ಟು ಅಂತ ಲೆಕ್ಕ ಇಟ್ಟ ಗಿರಾಕಿ ನನಗೆ ಸಿಕ್ಕಿದ್ದು ಇವರೊಬ್ಬರೇ. ಆ ನೋಟ್‌ಬುಕ್ಕು ಇಲ್ಲದಿದ್ದರೆ ಇಲ್ಲಿ ಬರುವ ಒಂದು ಅಂಕಿಯೂ ನನಗೆ ಗೊತ್ತಾಗುತ್ತಿರಲಿಲ್ಲ. ಅವರ ಒಪ್ಪಿಗೆ ಪಡೆದು ಬರೆದಿದ್ದೇನೆ. ಹೆಸರು ಬೇಡ ಅಂದರು, ಹಾಕಿಲ್ಲ. ಫೋನಿನ ಕಂಪನಿಯ ಹೆಸರೂ ಬೇಕಿಲ್ಲ, ಏಕೆಂದರೆ ಇದು ಯಾವ ಫೋನಿನಲ್ಲಿ ಬೇಕಾದರೂ ಆಗಬಹುದಿತ್ತು.

ಫೋನಿನಲ್ಲಿ ಏನಿತ್ತು

ಅಕ್ಕನ ಕೆಲಸ ಕಸೂತಿ. ಇಳಕಲ್ ಸೀರೆಯ ಸೆರಗಿಗೆ, ಚಂದ್ರಕಾಳಿ ಅನ್ನುವ ಕಪ್ಪು ಸೀರೆಗೆ, ಈಗೀಗ ಕುರ್ತಾಕ್ಕೆ, ಬ್ಲೌಸಿಗೂ ಹಾಕಿಕೊಡುತ್ತಾರೆ. ಓಣಿಯ ಒಂಬತ್ತು ಹೆಣ್ಣುಮಕ್ಕಳು ಮಧ್ಯಾಹ್ನ ಅವರ ಮನೆಯಲ್ಲಿ ಕೂತು ಜೊತೆಗೆ ಹೊಲಿಯುತ್ತಾರೆ.

ಕಸೂತಿ ಹತ್ತಿರದಿಂದ ನೋಡದವರಿಗೆ ಒಂದೆರಡು ಮಾತು ಹೇಳಬೇಕು. ಇಲ್ಲದಿದ್ದರೆ ಇಲ್ಲಿ ಏನು ಕಳೆದುಹೋಯಿತು ಅಂತ ತಿಳಿಯುವುದಿಲ್ಲ. ನನಗೂ ಮೊದಲು ತಿಳಿದಿರಲಿಲ್ಲ. ಕಸೂತಿಯಲ್ಲಿ ಬಟ್ಟೆಯ ಮೇಲೆ ಮೊದಲೇ ಚಿತ್ರ ಬರೆದುಕೊಳ್ಳುವುದಿಲ್ಲ. ಬಟ್ಟೆಯ ಎಳೆ ಎಣಿಸಿ ಸೂಜಿ ಚುಚ್ಚುತ್ತಾರೆ. ದಾರಕ್ಕೆ ಗಂಟು ಹಾಕುವುದಿಲ್ಲ. ಗವಂತಿ, ಮುರ್ಗಿ, ನೇಯ್ಗಿ, ಮೆಂತಿ ಅಂತ ನಾಲ್ಕು ಬಗೆಯ ಹೊಲಿಗೆ. ಗವಂತಿಯಲ್ಲಿ ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ ಬೀಳುತ್ತದೆ. ಹೊಳ್ಳಿ ಬರುವಾಗ ಬಿಟ್ಟ ಜಾಗ ತುಂಬುತ್ತದೆ. ಹಾಗಾಗಿ ಬಟ್ಟೆಯ ಎರಡೂ ಬದಿ ಒಂದೇ ಥರ ಕಾಣುತ್ತದೆ. ಗೋಪುರ, ತೇರು, ಆನೆ ಅಂಬಾರಿ, ತುಳಸಿ ಕಟ್ಟೆ, ನವಿಲು, ತೊಟ್ಟಿಲು, ಎಲ್ಲವೂ ಎಳೆಯ ಲೆಕ್ಕ. ಆ ಲೆಕ್ಕ ಇರುವುದು ಮಾಡುವವರ ತಲೆಯಲ್ಲಿ ಮತ್ತು ಹಳೇ ಸೀರೆಗಳ ಮೇಲೆ.

ಅಕ್ಕ 2019ರಲ್ಲಿ ಹೊಸ ಫೋನ್ ತಗೊಂಡರು. 64 ಜಿಬಿಯದು. ಪುಣೆಯಲ್ಲಿ ಕೆಲಸ ಮಾಡುವ ಮಗ ಗೂಗಲ್ ಖಾತೆ ಮಾಡಿಕೊಟ್ಟ. ಅವತ್ತಿನಿಂದ ಎಲ್ಲಿಗೆ ಹೋದರೂ, ಮದುವೆ, ಸೀಮಂತ, ಸತ್ಯನಾರಾಯಣ ಪೂಜೆ, ಯಾರ ಮನೆಯಲ್ಲಿ ಹಳೇ ಕಸೂತಿ ಸೀರೆ ಇದ್ದರೂ ಬಿಚ್ಚಿಸಿ ಫೋಟೋ ಹೊಡೆಯುವುದು ರೂಢಿಯಾಯಿತು. ಧಾರವಾಡ, ಹುಬ್ಬಳ್ಳಿ, ಕುಂದಗೋಳ, ನವಲಗುಂದ, ಗದಗ. ಮೊದಲು ಇಡೀ ಸೆರಗು, ಆಮೇಲೆ ಒಂದೊಂದು ಚಿತ್ರದ ಹತ್ತಿರದ ಫೋಟೋ, ಎಳೆ ಎಣಿಸಲು ಬರುವಷ್ಟು ಹತ್ತಿರದ್ದು. ನೋಟ್‌ಬುಕ್ಕಿನಲ್ಲಿ ತಾರೀಖು, ಊರು, ಮನೆ, ಸೀರೆಯ ಬಣ್ಣ.

ಇದರ ಜೊತೆಗೆ ಹನ್ನೊಂದು ಧ್ವನಿ ರೆಕಾರ್ಡಿಂಗ್. 2020ರ ಲಾಕ್‌ಡೌನ್‌ನಲ್ಲಿ ಅವ್ವ, ಮಗಳು ಇಬ್ಬರೇ ಮನೆಯಲ್ಲಿದ್ದಾಗ ಮಾಡಿದ್ದು. ಅವ್ವ ಸೂಜಿ ಹಿಡಿದು "ಎರಡು ಎಳಿ ಬಿಡು, ನಾಕು ಎತ್ತು, ಈಗ ಹೊಳ್ಳು" ಅಂತ ಹೇಳುತ್ತಾ ಹೋಗುತ್ತಾರೆ. ಅವರು 2022ರಲ್ಲಿ ತೀರಿಕೊಂಡರು.

ಮೂರನೆಯದು ವಾಟ್ಸಾಪ್. ಆರ್ಡರ್, ಅಳತೆ, ಬಣ್ಣ, ಮುಂಗಡ ಹಣದ ಮಾತೆಲ್ಲ ಅದರಲ್ಲೇ.

ಜನವರಿ 4ರಂದು ಆದದ್ದು

ಫೋನ್ ಆರು ತಿಂಗಳಿಂದ ನಿಧಾನವಾಗಿತ್ತು. "ಸ್ಟೋರೇಜ್ ತುಂಬಿದೆ" ಅಂತ ದಿನಾ ಬರುತ್ತಿತ್ತು, ಅಕ್ಕ ಅದನ್ನು ಪಕ್ಕಕ್ಕೆ ಸರಿಸುತ್ತಿದ್ದರು. ಜನವರಿ 3ರ ರಾತ್ರಿ ಫೋನ್ ತಾನೇ ಆಫ್ ಆಗಿ ಆನ್ ಆಯಿತು. ಕಂಪನಿಯ ಲೋಗೋ ಬಂತು, ಅಲ್ಲಿಯೇ ನಿಂತಿತು. ಬೆಳಗಿನವರೆಗೂ ಹಾಗೇ.

ಮರುದಿನ ಹತ್ತಿರದ ಒಂದು ಅಂಗಡಿಗೆ ಕೊಟ್ಟರು. ಅಲ್ಲಿದ್ದ ಹುಡುಗ ನೋಡಿದ, ಸಾಫ್ಟ್‌ವೇರ್ ಸಮಸ್ಯೆ, ರೀಸೆಟ್ ಹೊಡೀಬೇಕು ಅಂದ. ಆಮೇಲೆ ಕೇಳಿದ: "ಡೇಟಾ ಎಲ್ಲಾ ಹೋಗ್ತದರೀ, ನಡೀತದೇನ್ರೀ?"

ಅಕ್ಕ ಹೇಳಿದರು: "ಹೋಗ್ಲಿ ಬಿಡಪಾ, ನಾಳೆ ಮತ್ತ ಬರ್ತದಲ್ಲ."

ಅವರ ಮಟ್ಟಿಗೆ ಡೇಟಾ ಅಂದರೆ ನೆಟ್. ದಿನಕ್ಕೆ ಒಂದೂವರೆ ಜಿಬಿ. ರಾತ್ರಿ ಹನ್ನೆರಡಕ್ಕೆ ಮುಗಿಯುತ್ತದೆ, ಮತ್ತೆ ಹೊಸದು ಬರುತ್ತದೆ. ರೀಚಾರ್ಜ್ ಮಾಡುವಾಗ, ಟಿವಿ ಜಾಹೀರಾತಿನಲ್ಲಿ, ಮಗ ಫೋನಿನಲ್ಲಿ ಮಾತಾಡುವಾಗ, ಎಲ್ಲ ಕಡೆ ಅವರು ಕೇಳಿದ ಡೇಟಾ ಇದೇ. ಹುಡುಗ ಹೇಳಿದ ಡೇಟಾ ಬೇರೆ, ಫೋನಿನ ಒಳಗಿದ್ದ ಫೋಟೋ, ಧ್ವನಿ, ಮಾತುಕತೆ ಎಲ್ಲ. ಐದು ನಿಮಿಷದಲ್ಲಿ ಕೆಲಸ ಮುಗಿಯಿತು.

ಈ ಮಾತನ್ನು ಅಕ್ಕ ನನ್ನ ಮುಂದೆ ಹೇಳಿದಾಗ ನಾನು ಸ್ವಲ್ಪ ಹೊತ್ತು ಸುಮ್ಮನಾದೆ. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನು ಕೇಳದೆ ಮಾಡಲಿಲ್ಲ. ನಾನೂ ಹದಿನಾಲ್ಕು ವರ್ಷ ಇದೇ ಮಾತನ್ನು ಹೀಗೇ ಕೇಳಿದ್ದೇನೆ. ಎಷ್ಟು ಜನ ನನ್ನೆದುರು ನೆಟ್ ಪ್ಯಾಕ್ ಅಂದುಕೊಂಡು ಹೂಂ ಅಂದಿರಬಹುದು? ಆ ಯೋಚನೆ ಈಗಲೂ ಬಿಟ್ಟಿಲ್ಲ.

ರೀಸೆಟ್ ಆದ ಮೇಲೆ ಫೋನ್ ಹಳೇ ಗೂಗಲ್ ಖಾತೆಯನ್ನೇ ಕೇಳಿತು. ಆಂಡ್ರಾಯ್ಡ್‌ನಲ್ಲಿ 2015ರಿಂದ ಈ ಬೀಗ ಇದೆ, ಕದ್ದ ಫೋನನ್ನು ರೀಸೆಟ್ ಮಾಡಿ ಬಳಸದಿರಲಿ ಅಂತ. ಮಗನಿಗೆ ಕಾಲ್ ಮಾಡಿ ಪಾಸ್‌ವರ್ಡ್ ತಗೊಂಡು ಹಾಕಿದರು. ಇದು ಒಳ್ಳೆಯದೇ ಆಯಿತು. ಮುಂದೆ ಹಳೇ ಫೋಟೋಗಳು ಸಿಕ್ಕಿದ್ದು ಆ ಖಾತೆಯಿಂದಲೇ.

ಲೋಗೋ ಮೇಲೆ ನಿಂತ ಫೋನಿಗೆ ರೀಸೆಟ್ ಒಂದೇ ದಾರಿಯೇ? ಅಲ್ಲ. ನನ್ನ ಕೈಗೆ ಮೊದಲು ಬಂದಿದ್ದರೆ ರಿಕವರಿ ಮೆನುವಿನಲ್ಲಿ ಕ್ಯಾಶ್, ಅಂದರೆ ಫೋನಿನ ತಾತ್ಕಾಲಿಕ ಫೈಲುಗಳನ್ನು, ಮಾತ್ರ ಅಳಿಸಿ ನೋಡುತ್ತಿದ್ದೆ, ಅದರಿಂದ ಫೋಟೋಗಳಿಗೆ ಏನೂ ಆಗುವುದಿಲ್ಲ. ಸೇಫ್ ಮೋಡ್‌ನಲ್ಲಿ, ಅಂದರೆ ನಾವು ಹಾಕಿಕೊಂಡ ಆಪ್‌ಗಳನ್ನು ಬಿಟ್ಟು, ಏಳುತ್ತದಾ ನೋಡುತ್ತಿದ್ದೆ. ಕೆಲವು ಫೋನಿಗೆ ಒಳಗಿನ ಫೈಲ್ ಮುಟ್ಟದೆ ಸಾಫ್ಟ್‌ವೇರ್ ಹಾಕಲು ಬರುತ್ತದೆ. 64 ಜಿಬಿ ಕೊನೆಯ ಹನಿಯವರೆಗೆ ತುಂಬಿದ್ದರಿಂದಲೇ ಫೋನ್ ಏಳಲಿಲ್ಲ ಅಂತ ನನ್ನ ಅಂದಾಜು. ಏಳುವಾಗ ಫೋನ್ ತಾನೂ ಒಂದಿಷ್ಟು ಬರೆದುಕೊಳ್ಳಬೇಕು, ಅದಕ್ಕೂ ಜಾಗ ಬೇಕು. ಹೀಗೆ ನಿಂತ ಫೋನುಗಳಲ್ಲಿ ಕೆಲವು ಎದ್ದಿವೆ, ಕೆಲವು ಎದ್ದಿಲ್ಲ. ಆದರೆ ಪ್ರಯತ್ನಕ್ಕೆ ಒಂದು ದಿನ ಬೇಕಾಗುತ್ತಿತ್ತು, ರೀಸೆಟ್‌ಗೆ ಐದು ನಿಮಿಷ ಸಾಕು. ಅಂಗಡಿಯಲ್ಲಿ ಜನ ನಿಂತಿರುವಾಗ ಯಾವುದು ನಡೆಯುತ್ತದೆ ಅಂತ ನನಗೆ ಗೊತ್ತು.

ರಿಕವರಿ ಸಾಫ್ಟ್‌ವೇರ್ ಯಾಕೆ ಕೈಕೊಟ್ಟಿತು

ಅಕ್ಕ ಬರುವ ಹೊತ್ತಿಗೆ ಮಗ ಪುಣೆಯಿಂದಲೇ ಎರಡು ರಿಕವರಿ ಸಾಫ್ಟ್‌ವೇರ್ ಹುಡುಕಿ ಹೇಳಿದ್ದ. ಒಂದಕ್ಕೆ ದುಡ್ಡನ್ನೂ ಕಟ್ಟಿದ್ದ. ಅದು ಒಂದಿಷ್ಟು ಚಿಕ್ಕ ಚಿಕ್ಕ ಚಿತ್ರ ತೋರಿಸಿತು. ಎಲ್ಲವೂ ರೀಸೆಟ್ ಆದ ಮೇಲೆ ಬಂದವು, ಆಪ್‌ಗಳ ಐಕಾನು, ಹೊಸ ಫಾರ್ವರ್ಡು.

ಇದನ್ನು ಬಿಡಿಸಿ ಹೇಳಬೇಕು, ಏಕೆಂದರೆ ಜನ ಇಲ್ಲಿಯೇ ದುಡ್ಡು ಕಳೆದುಕೊಳ್ಳುತ್ತಾರೆ. ಹತ್ತು ಹನ್ನೆರಡು ವರ್ಷದ ಹಿಂದಿನ ಫೋನುಗಳಲ್ಲಿ ಅಳಿಸಿದ ಫೋಟೋ ನಿಜವಾಗಿಯೂ ವಾಪಸ್ ಬರುತ್ತಿತ್ತು. ಅಳಿಸುವುದು ಅಂದರೆ ಆಗ ಪಟ್ಟಿಯಿಂದ ಹೆಸರು ಹೊಡೆದುಹಾಕುವುದಷ್ಟೇ, ಸರಕು ಅಲ್ಲೇ ಬಿದ್ದಿರುತ್ತಿತ್ತು. ಹಳೇ ಹುಬ್ಬಳ್ಳಿಯ ಒಬ್ಬರಿಗೆ ಒಮ್ಮೆ ಇಡೀ ಮದುವೆಯ ಫೋಟೋ ತೆಗೆದುಕೊಟ್ಟಿದ್ದೆ. ಆ ಕಾಲ ಮುಗಿದಿದೆ. ಈಗಿನ ಆಂಡ್ರಾಯ್ಡ್ ಫೋನ್ ಒಳಗಿನ ಎಲ್ಲವನ್ನೂ ಬೀಗ ಹಾಕಿಯೇ ಬರೆದಿಡುತ್ತದೆ. 2015ರ ಆಂಡ್ರಾಯ್ಡ್ 6ರಿಂದ ಇದು ಹೆಚ್ಚಿನ ಹೊಸ ಫೋನುಗಳಿಗೆ ಬಂತು. 2019ರ ಆಂಡ್ರಾಯ್ಡ್ 10ರಿಂದ ಹೊಸದಾಗಿ ಬರುವ ಎಲ್ಲ ಫೋನಿಗೂ ಕಡ್ಡಾಯವಾಯಿತು. ಆ ಬೀಗದ ಕೀಲಿ ಫೋನಿನ ಒಳಗೇ ಇರುತ್ತದೆ. ಫ್ಯಾಕ್ಟರಿ ರೀಸೆಟ್ ಕೊಟ್ಟಾಗ ಫೋನ್ ಮೊದಲು ಆ ಕೀಲಿಯನ್ನೇ ನಾಶ ಮಾಡುತ್ತದೆ. ಆಮೇಲೆ ಮೆಮೊರಿ ಚಿಪ್ ಕಿತ್ತು ಬೇರೆ ಯಂತ್ರಕ್ಕೆ ಹಾಕಿದರೂ ಅರ್ಥವಿಲ್ಲದ ಅಂಕಿಗಳ ರಾಶಿಯಷ್ಟೇ ಸಿಗುತ್ತದೆ. ಕಳ್ಳನ ಕೈಗೆ ನಮ್ಮ ಫೋಟೋ ಸಿಗದಿರಲಿ ಅಂತ ಮಾಡಿದ ವ್ಯವಸ್ಥೆ ಇದು. ಕಳ್ಳ ಯಾರು, ಒಡೆಯ ಯಾರು ಅನ್ನುವುದು ಅದಕ್ಕೆ ತಿಳಿಯದು.

ಆದ್ದರಿಂದ ರೀಸೆಟ್ ಆದ ಫೋನಿನಿಂದ ಹಳೆಯದೆಲ್ಲ ತೆಗೆದುಕೊಡುತ್ತೇವೆ ಅನ್ನುವವರಿಗೆ ದುಡ್ಡು ಕೊಡಬೇಡಿ. ಮೆಮೊರಿ ಕಾರ್ಡಿನ ಮಾತು ಬೇರೆ. ಕಾರ್ಡಿನಲ್ಲಿ ಸಾಮಾನ್ಯವಾಗಿ ಈ ಬೀಗ ಇರುವುದಿಲ್ಲ, ಅಳಿಸಿದ ಕೂಡಲೇ ಬಳಸುವುದು ನಿಲ್ಲಿಸಿದರೆ ಎಷ್ಟೋ ಸಲ ವಾಪಸ್ ಬರುತ್ತದೆ. ಅಕ್ಕನ ಫೋನಿನಲ್ಲಿ ಕಾರ್ಡಿನ ಜಾಗ ಇತ್ತು. ಐದು ವರ್ಷ ಖಾಲಿಯೇ ಇತ್ತು.

ಫೋನಿನಿಂದ ಒಂದೂ ಬರುವುದಿಲ್ಲ ಅಂತ ಅವತ್ತೇ ನೇರವಾಗಿ ಹೇಳಿದೆ. ಅಕ್ಕ ಅಳಲಿಲ್ಲ. ನೋಟ್‌ಬುಕ್ಕು ಟೇಬಲ್ ಮೇಲೆ ಇಟ್ಟು, "ಮತ್ತ ಬ್ಯಾರೆ ಎಲ್ಲೆಲ್ಲಿ ಇರಬಹುದು, ಹೇಳು" ಅಂದರು. ಈ ಪ್ರಶ್ನೆ ನನಗೆ ಬಹಳ ಹಿಡಿಸಿತು.

ಗೂಗಲ್ ಫೋಟೋಸ್, ಮತ್ತು ಐದು ದಿನ

ಅವರು ನೋಡುತ್ತಿದ್ದದ್ದು ಫೋನಿನ ಗ್ಯಾಲರಿ. ಗ್ಯಾಲರಿ ತೋರಿಸುವುದು ಫೋನಿನ ಒಳಗಿದ್ದದ್ದನ್ನು ಮಾತ್ರ. ಗೂಗಲ್ ಫೋಟೋಸ್ ಆಪ್ ಬೇರೆ. ಅದನ್ನು ರೀಸೆಟ್ ಆದಮೇಲೆ ಯಾರೂ ತೆಗೆದೇ ಇರಲಿಲ್ಲ. ತೆಗೆದೆ. ಒಂದು ನಿಮಿಷ ಸುತ್ತುತ್ತಾ ಇತ್ತು, ಆಮೇಲೆ ಮಳೆ ಬಂದಂತೆ ಬಂದವು. 2019ರ ಸೀರೆಗಳು. ಅವ್ವ ಕಟ್ಟೆಯ ಮೇಲೆ ಕೂತದ್ದು. ಮೊಮ್ಮಗನ ನಾಮಕರಣ. ನನ್ನ ಹೆಂಡತಿ ಚಹಾ ತಂದಿಟ್ಟಿದ್ದಳು, ಅದು ಆರಿಹೋಯಿತು.

2019ರಲ್ಲಿ ಮಗ ಸುಮ್ನೆ ಒತ್ತಿದ ಒಂದು ಬಟನ್ನು ಬ್ಯಾಕಪ್. ಅದರಿಂದಾಗಿ ಕ್ಯಾಮೆರಾ ಫೋಟೋಗಳ ಒಂದು ಪ್ರತಿ ತಾನಾಗೇ ಮೇಲೆ, ಅಂದರೆ ಇಂಟರ್ನೆಟ್‌ನಲ್ಲಿರುವ ಗೂಗಲ್ ಖಾತೆಗೆ, ಹೋಗುತ್ತಿತ್ತು. ಆದರೆ 2024ರ ಏಪ್ರಿಲ್ 19ಕ್ಕೆ ನಿಂತುಬಿಟ್ಟಿದೆ. ಕಾರಣ ಜಾಗ. ಗೂಗಲ್ ಉಚಿತವಾಗಿ ಕೊಡುವುದು 15 ಜಿಬಿ, ಜಿಮೇಲ್, ಡ್ರೈವ್, ಫೋಟೋಸ್ ಮೂರಕ್ಕೂ ಸೇರಿ. 2021ರ ಮೇ ತಿಂಗಳವರೆಗೆ ಸ್ವಲ್ಪ ಕುಗ್ಗಿಸಿದ ಫೋಟೋಗಳಿಗೆ ಲೆಕ್ಕವೇ ಇರಲಿಲ್ಲ, ಎಷ್ಟು ಬೇಕಾದರೂ ಹಾಕಬಹುದಿತ್ತು. ಆ ವರ್ಷದ ಜೂನ್ 1ರಿಂದ ಹೊಸದೆಲ್ಲ ಲೆಕ್ಕಕ್ಕೆ ಬಂತು. ಅಕ್ಕನ ಖಾತೆ ಸುಮಾರು ಮೂರು ವರ್ಷದಲ್ಲಿ ತುಂಬಿತು. ತುಂಬಿದ ದಿನ ಫೋನ್ ಹೇಳಿತ್ತು. "ಸ್ಟೋರೇಜ್ ತುಂಬಿದೆ" ಅನ್ನುವ ಎರಡು ಬೇರೆ ಬೇರೆ ಸೂಚನೆ ಒಂದೇ ಥರ ಕಾಣುತ್ತಿದ್ದವು, ಒಂದು ಫೋನಿನದು, ಒಂದು ಖಾತೆಯದು. ಅವರು ಎರಡನ್ನೂ ಸರಿಸಿದರು. ಬ್ಯಾಕಪ್ ನಿಂತ ಮೇಲೂ ಫೋನ್ ಎಂದಿನಂತೆ ಫೋಟೋ ಹೊಡೆಯುತ್ತಿತ್ತು. ನಿಂತಿದೆ ಅಂತ ಗೊತ್ತಾಗುವುದಾದರೂ ಹೇಗೆ, ಅಲ್ವಾ?

ಆಮೇಲೆ ನೋಟ್‌ಬುಕ್ಕು ಹಿಡಿದು ಒಂದೊಂದೇ ಮನೆ ತಾಳೆ ನೋಡಿದೆವು. 2021ರ ನವಲಗುಂದದ ಪುಟಕ್ಕೆ ಬಂದಾಗ ಅಡ್ಡಿ ಬಂತು. ಏಪ್ರಿಲ್ 2024ಕ್ಕಿಂತ ಮೊದಲಿನದು, ಇರಲೇಬೇಕು. ಇಲ್ಲ. ಇಡೀ ನಾಲ್ಕು ಮನೆಯ ಫೋಟೋ ಇಲ್ಲ.

ಅಕ್ಕನಿಗೆ ನೆನಪಾಯಿತು. 2024ರ ತುಳಸಿ ಲಗ್ನದ ಮರುದಿನ, ನವೆಂಬರ್ 14ಕ್ಕೆ, ಫೋನಿನಲ್ಲಿ ಜಾಗ ಮಾಡೋಣ ಅಂತ ಹಳೆಯವನ್ನು ಅಳಿಸಿದ್ದರು. "ಮ್ಯಾಲೆ ಅದಾವಲ್ಲ, ಇಲ್ಲಿ ತಗದ್ರ ಏನಾತು ಅನ್ಕೊಂಡೆ." ಅಳಿಸಿದ್ದು ಗೂಗಲ್ ಫೋಟೋಸ್ ಆಪಿನ ಒಳಗಿಂದ. ಅಲ್ಲಿ ಡಿಲೀಟ್ ಒತ್ತಿದರೆ ಫೋನಿನಿಂದಲೂ ಹೋಗುತ್ತದೆ, ಮೇಲಿನಿಂದಲೂ ಹೋಗುತ್ತದೆ. ಫೋನಿನಲ್ಲಿ ಮಾತ್ರ ಜಾಗ ಮಾಡಿಕೊಡಲು "ಫ್ರೀ ಅಪ್ ಸ್ಪೇಸ್" ಅಂತ ಬೇರೆಯೇ ಬಟನ್ ಇದೆ. ಅದು ಮೇಲೆ ಹೋಗಿ ಸೇರಿದ ಫೋಟೋವನ್ನಷ್ಟೇ ಫೋನಿನಿಂದ ತೆಗೆಯುತ್ತದೆ. ಹೆಸರು ಇಂಗ್ಲಿಷಿನಲ್ಲಿ, ಜಾಗ ಮೆನುವಿನ ಒಳಗೆ. ಬಹಳ ಜನ ಇಲ್ಲಿ ಎಡವುತ್ತಾರೆ.

ಬ್ಯಾಕಪ್ ಆಗಿದ್ದ ಫೋಟೋ ಅಳಿಸಿದರೆ ಕಸದಬುಟ್ಟಿಯಲ್ಲಿ 60 ದಿನ ಇರುತ್ತದೆ. ಬೆರಳಲ್ಲಿ ಎಣಿಸಿದೆ. ನವೆಂಬರ್ 14ರಿಂದ 55 ದಿನ ಆಗಿತ್ತು. ಬುಟ್ಟಿ ತೆಗೆದರೆ 212 ಫೋಟೋ ಹಾಗೇ ಇದ್ದವು. ಎಲ್ಲವನ್ನೂ ಆರಿಸಿ ರಿಸ್ಟೋರ್ ಒತ್ತಿದೆ. ಇನ್ನೈದು ದಿನ ತಡವಾಗಿದ್ದರೆ ಸಂಕ್ರಾಂತಿಯ ಹಿಂದಿನ ದಿನ ಅವು ಹೋಗಿಬಿಡುತ್ತಿದ್ದವು. ಎಳ್ಳು ಬೆಲ್ಲ ಕೊಡಲು ಬಂದಾಗಲೂ ಅಕ್ಕ ಇದನ್ನೇ ಹೇಳಿದರು.

ಅವ್ವನ ಧ್ವನಿ

ರೆಕಾರ್ಡಿಂಗ್ ಎಲ್ಲೂ ಇರಲಿಲ್ಲ. ಗೂಗಲ್ ಫೋಟೋಸ್ ಫೋಟೋ, ವಿಡಿಯೋ ಮಾತ್ರ ತಗೊಳ್ಳುತ್ತದೆ. ಧ್ವನಿ ಫೈಲು, ಪಿಡಿಎಫ್ಫು ಅದರ ಲೆಕ್ಕಕ್ಕಿಲ್ಲ. ಬ್ಯಾಕಪ್ ಆನ್ ಇದೆ ಅಂದರೆ ಎಲ್ಲವೂ ಹೋಗುತ್ತಿದೆ ಅಂತ ಮಗನೂ ನಂಬಿದ್ದ. ಕಂಪ್ಯೂಟರ್ ಕೆಲಸದಲ್ಲಿರುವ ಹುಡುಗ. ಫೋನಿನಲ್ಲಿ ಅತ್ತು ಬಿಟ್ಟ, ಅಜ್ಜಿಯ ಧ್ವನಿ ಅವನಿಗೂ ಬೇಕಿತ್ತು.

ವಾಟ್ಸಾಪ್ ಮಾತುಕತೆಯೂ ಹೋಗಿತ್ತು. ವಾಟ್ಸಾಪ್ ದಿನಾ ರಾತ್ರಿ 2 ಗಂಟೆಗೆ ತಾನೇ ಒಂದು ಬ್ಯಾಕಪ್ ಮಾಡುತ್ತದೆ, ಆದರೆ ಅದನ್ನು ಇಡುವುದು ಅದೇ ಫೋನಿನಲ್ಲಿ. ಗೂಗಲ್ ಖಾತೆಗೆ ಹೋಗಬೇಕಾದರೆ ನಾವೇ ಒಮ್ಮೆ ಹೇಳಿಕೊಡಬೇಕು. ಇವರದರಲ್ಲಿ ಯಾರೂ ಹೇಳಿರಲಿಲ್ಲ. ಮನೆಯ ಕೀಲಿಯ ಜೋಡಿಯನ್ನು ಮನೆಯೊಳಗೇ ಇಟ್ಟು ಬಾಗಿಲು ಹಾಕಿಕೊಂಡ ಹಾಗೆ. ಆರ್ಡರಿನ ತೊಂದರೆ ಮಾತ್ರ ಬೇಗ ಬಗೆಹರಿಯಿತು. ಬಾಕಿ ಇದ್ದ 23 ಗಿರಾಕಿಗಳಿಗೆ ಕಾಲ್ ಮಾಡಿದರು. ಎಲ್ಲರೂ ತಮ್ಮ ಫೋನಿನಿಂದ ಆ ಮಾತುಕತೆಯನ್ನು ಎಕ್ಸ್‌ಪೋರ್ಟ್ ಮಾಡಿ ಕಳಿಸಿದರು. ಮುಂಗಡದ ಹಣದಲ್ಲಿ ಒಂದು ರೂಪಾಯಿ ತಕರಾರು ಬರಲಿಲ್ಲ.

ಅಲ್ಲಿಂದಲೇ ದಾರಿ ಹೊಳೆಯಿತು. ವಾಟ್ಸಾಪ್‌ನಲ್ಲಿ ಕಳಿಸಿದ ಫೈಲು ಕಳಿಸಿದವರ ಫೋನಿನಿಂದ ಹೋದರೂ ಪಡೆದವರ ಫೋನಿನಲ್ಲಿ ಉಳಿದಿರುತ್ತದೆ, ಅವರು ಅಳಿಸದಿದ್ದರೆ. ಅವ್ವನ ರೆಕಾರ್ಡಿಂಗ್ ಯಾರಿಗೆ ಕಳಿಸಿದ್ದೆ ಅಂತ ಅಕ್ಕ ಎರಡು ದಿನ ಕೂತು ನೆನಪು ಮಾಡಿಕೊಂಡರು. ಗದಗ ಬೆಟಗೇರಿಯಲ್ಲಿ ಅವರ ತಂಗಿ ಇದ್ದಾರೆ. ತಂಗಿಯ ಫೋನಿನ ವಾಟ್ಸಾಪ್ ಆಡಿಯೋ ಫೋಲ್ಡರಿನಲ್ಲಿ ಮೂರು ಸಿಕ್ಕವು. ನಾನೇ ಕಾಲ್‌ನಲ್ಲಿದ್ದು ಎಲ್ಲಿ ನೋಡಬೇಕು ಅಂತ ಹೇಳಿದೆ. ಇನ್ನೊಂದು ಹೊಲಿಗೆಗೆ ಬರುವ ಹುಡುಗಿಯ ಹತ್ತಿರ ಇತ್ತು. ಅವಳು ಮೆಂತಿ ಹೊಲಿಗೆ ಕಲಿಯಲು ಕೇಳಿ ಪಡೆದಿದ್ದಳು.

ಹನ್ನೊಂದರಲ್ಲಿ ನಾಲ್ಕು. ಏಳು ಹೋದವು.

ಹೊಳ್ಳಿ ಹೋದ ದಾರಿ

ಏಪ್ರಿಲ್ 2024ರಿಂದ ಜನವರಿ 2025ರವರೆಗೆ ನೋಟ್‌ಬುಕ್ಕಿನಲ್ಲಿ 17 ಮನೆ, 41 ಸೀರೆ. ಇವಕ್ಕೆ ಮೇಲೆ ಪ್ರತಿ ಇಲ್ಲ.

14 ಸೀರೆಯ ಫೋಟೋ ಬೇರೆಯವರ ವಾಟ್ಸಾಪ್‌ನಿಂದ ವಾಪಸ್ ಬಂತು. ಮೊದಲು ಖುಷಿಪಟ್ಟೆವು. ಆಮೇಲೆ ಅಕ್ಕ ದೊಡ್ಡದು ಮಾಡಿ ನೋಡಿದರು, ಕನ್ನಡಕ ಬದಲಿಸಿ ಮತ್ತೆ ನೋಡಿದರು. "ಚಿತ್ರ ಅದ, ಲೆಕ್ಕ ಇಲ್ಲ" ಅಂದರು. ವಾಟ್ಸಾಪ್ ಮಾಮೂಲಿಯಾಗಿ ಫೋಟೋ ಕಳಿಸುವಾಗ ಕುಗ್ಗಿಸುತ್ತದೆ, ಉದ್ದ ಬದಿ ಸುಮಾರು 1600 ಪಿಕ್ಸೆಲ್‌ಗೆ ಬಂದುಬಿಡುತ್ತದೆ. ಮದುವೆ ಫೋಟೋ ನೋಡಲು ಅಷ್ಟು ಸಾಕು. ಇಡೀ ಸೆರಗಿನ ಫೋಟೋದಲ್ಲಿ ಎಳೆ ಎಣಿಸಲು ಸಾಲದು. ಐದರಲ್ಲಿ ಮಾತ್ರ ಎಣಿಸಲು ಬಂತು, ಅವು ಹತ್ತಿರದಿಂದ ತೆಗೆದವು. ಉಳಿದ ಒಂಬತ್ತರಲ್ಲಿ ಆಕಾರ ಕಾಣುತ್ತದೆ, ಹೊಲಿಗೆ ಕರಗಿ ಒಂದಾಗಿದೆ. 2023ರ ಆಗಸ್ಟ್‌ನಿಂದ ಎಚ್‌ಡಿ ಅಂತ ಆಯ್ಕೆ ಬಂದಿದೆ, ಅದೂ ಪೂರ್ತಿ ಮೂಲದಷ್ಟಲ್ಲ. ಮೂಲ ಫೋಟೋನೇ ಹೋಗಬೇಕಾದರೆ ಡಾಕ್ಯುಮೆಂಟ್ ಅಂತ ಆರಿಸಿ ಕಳಿಸಬೇಕು. ನಕ್ಷೆ, ಲೆಕ್ಕದ ಪುಸ್ತಕ, ಹಳೇ ಕಾಗದಪತ್ರ ಕಳಿಸುವವರಿಗೂ ಇದೇ ಮಾತು.

ಉಳಿದ ಸೀರೆಗಳಿಗೆ ಅಕ್ಕ ಮತ್ತೆ ಮನೆ ಮನೆಗೆ ಹೊರಟರು. ಫೆಬ್ರುವರಿ, ಮಾರ್ಚ್ ಎರಡು ತಿಂಗಳು, ಭಾನುವಾರ ಬಂದರೆ ಬಸ್ಸು. ಕುಂದಗೋಳದಲ್ಲಿ ಒಬ್ಬ ಅಜ್ಜಿ ಸೀರೆ ತೆಗೆದಿಟ್ಟುಕೊಂಡು ಬಾಗಿಲಲ್ಲೇ ಕೂತಿದ್ದರಂತೆ. ಒಂದು ಮನೆಯಲ್ಲಿ ಎರಡನೇ ಸಲ ಯಾಕೆ ಬಂದಿ ಅಂತ ಸ್ವಲ್ಪ ಬಿಗುವಾಗಿ ಕೇಳಿದರು. ಆದರೂ ಬಿಚ್ಚಿ ತೋರಿಸಿದರು. "ಗವಂತಿ ಇದ್ದಂಗ ಆತು ನೋಡ ತಮ್ಮಾ. ಹೋದ ದಾರೀಲೆ ಹೊಳ್ಳಿ ಬರೂದು" ಅಂತ ಅಕ್ಕ ನನಗೆ ಫೋನಿನಲ್ಲಿ ಹೇಳಿದರು. ಹೀಗೆ 19 ಸೀರೆ ಸಿಕ್ಕವು.

ಎಂಟು ಸಿಗಲಿಲ್ಲ. ಒಂದು ಮನೆಯವರು ಊರು ಬಿಟ್ಟಿದ್ದರು. ಎರಡು ಸೀರೆ ಕತ್ತರಿಸಿ ಮೊಮ್ಮಗಳಿಗೆ ಲಂಗ ಹೊಲಿಸಿದ್ದರು. ಉಳಿದವು ಒಂದೊಂದು ಕಾರಣಕ್ಕೆ ಕೈತಪ್ಪಿದವು.

ಈಗ ಮಾಡಿಕೊಂಡ ವ್ಯವಸ್ಥೆ

ಫೋಟೋಗ್ರಾಫರುಗಳು 3-2-1 ಅಂತ ಒಂದು ಲೆಕ್ಕ ಇಟ್ಟುಕೊಂಡಿದ್ದಾರೆ. ಮೂರು ಪ್ರತಿ, ಎರಡು ಬಗೆಯ ಜಾಗ, ಅದರಲ್ಲಿ ಒಂದು ಮನೆಯಿಂದ ಹೊರಗೆ. ಅಕ್ಕನಿಗೆ ಇದನ್ನು ವಿವರಿಸಲು ಕಷ್ಟವಾಗಲಿಲ್ಲ. ಬಂಗಾರವನ್ನೆಲ್ಲ ಒಂದೇ ಕಪಾಟಿನಲ್ಲಿ ಇಡುತ್ತೀರಾ ಅಂತ ಕೇಳಿದೆ, ಸಾಕಾಯಿತು.

ಒಂದು ಪ್ರತಿ ಫೋನಿನಲ್ಲಿ. ಇನ್ನೊಂದು ಗೂಗಲ್ ಖಾತೆಯಲ್ಲಿ. ತಿಂಗಳಿಗೆ 130 ರೂಪಾಯಿ ಕಟ್ಟಿ 100 ಜಿಬಿ ತಗೊಂಡೆವು. ಒಂದು ನೂಲಿನ ಉಂಡೆಯ ಬೆಲೆಗೆ ಹೋಲಿಸಿ ನೋಡಿ ಅಕ್ಕನೇ ಹೂಂ ಅಂದರು. ವಾಟ್ಸಾಪ್ ಫೋಲ್ಡರನ್ನೂ ಬ್ಯಾಕಪ್‌ಗೆ ಸೇರಿಸಿದೆವು. ಕ್ಯಾಮೆರಾ ಫೋಲ್ಡರ್ ಮಾತ್ರ ತಾನಾಗೇ ಹೋಗುತ್ತದೆ, ಉಳಿದವನ್ನು ನಾವೇ ಆನ್ ಮಾಡಬೇಕು. ಅವ್ವನ ನಾಲ್ಕು ರೆಕಾರ್ಡಿಂಗ್ ಡ್ರೈವ್‌ನಲ್ಲಿ ಬೇರೆ ಫೋಲ್ಡರಿನಲ್ಲಿವೆ. ಮೂರನೆಯದು 128 ಜಿಬಿಯ ಪೆನ್‌ಡ್ರೈವ್, ಫೋನಿಗೇ ನೇರವಾಗಿ ಚುಚ್ಚುವಂಥದ್ದು. ಅದು ಗದಗದ ತಂಗಿಯ ಮನೆಯಲ್ಲಿ ಇರುತ್ತದೆ.

ಯಾವಾಗ ಕಾಪಿ ಮಾಡುವುದು? ತಿಂಗಳ ಮೊದಲ ತಾರೀಖು ಅಂದೆ. ಅಕ್ಕ ಬೇಡ ಅಂದರು, ತಾರೀಖು ಮರೆಯುತ್ತದೆ, ಅಮಾವಾಸ್ಯೆ ಮರೆಯುವುದಿಲ್ಲ. ನಮ್ಮ ಕಡೆ ಅಂಗಡಿ, ಗಾಡಿ, ಯಂತ್ರಗಳಿಗೆ ಅಮಾವಾಸ್ಯೆಗೆ ಪೂಜೆ ಮಾಡುವುದು ಇದ್ದೇ ಇದೆ. ಅವತ್ತೇ ತಂಗಿ ಬರುತ್ತಾರೆ ಅಥವಾ ಇವರು ಹೋಗುತ್ತಾರೆ, ಪೆನ್‌ಡ್ರೈವ್ ಚೀಲದಲ್ಲಿ. ಹತ್ತು ತಿಂಗಳಿಂದ ತಪ್ಪಿಲ್ಲ.

ಎರಡು ವಿಷಯಕ್ಕೆ ನಾನು ಹಟ ಹಿಡಿದೆ. ಪಾಸ್‌ವರ್ಡ್ ಮಗನ ತಲೆಯಲ್ಲಿ ಮಾತ್ರ ಇರಬಾರದು. ಕಾಗದದ ಮೇಲೆ ಬರೆದು, ಫೋನ್ ಕೈಯಲ್ಲಿ ಇಲ್ಲದಾಗಲೂ ಖಾತೆಗೆ ಹೋಗಲು ಗೂಗಲ್ ಕೊಡುವ ಹತ್ತು ಬ್ಯಾಕಪ್ ಕೋಡ್‌ಗಳ ಜೊತೆ ಬಂಗಾರದ ಡಬ್ಬಿಯಲ್ಲಿ ಇಟ್ಟಿದ್ದಾರೆ. ಇನ್ನೊಂದು, ಬ್ಯಾಕಪ್ ಆಗಿದೆ ಅನ್ನುವ ಮಾತನ್ನು ನಂಬದೆ ತೆಗೆದು ನೋಡಬೇಕು. ಪ್ರತಿ ಅಮಾವಾಸ್ಯೆ ತಂಗಿ ತಮ್ಮ ಫೋನಿಗೆ ಪೆನ್‌ಡ್ರೈವ್ ಹಾಕಿ ಯಾವುದಾದರೂ ಒಂದು ಫೋಟೋ, ಒಂದು ರೆಕಾರ್ಡಿಂಗ್ ತೆರೆದು ನೋಡುತ್ತಾರೆ. ಏಪ್ರಿಲ್ 2024ರಲ್ಲಿ ಯಾರಾದರೂ ಒಮ್ಮೆ ಹೀಗೆ ತೆರೆದು ನೋಡಿದ್ದರೆ ಈ ಪ್ರಕರಣದ ಅರ್ಧಕ್ಕಿಂತ ಜಾಸ್ತಿ ಭಾಗ ಇರುತ್ತಲೇ ಇರಲಿಲ್ಲ.

ನನ್ನ ಅಂಗಡಿಯಲ್ಲೂ ಒಂದು ಬದಲಾವಣೆ ಆಗಿದೆ. ಡೇಟಾ ಅನ್ನುವ ಮಾತು ಬಿಟ್ಟಿದ್ದೇನೆ. "ನಿಮ್ಮ ಫೋಟೋ, ವಿಡಿಯೋ, ಫೋನ್ ನಂಬರು, ವಾಟ್ಸಾಪ್ ಮಾತು, ರೆಕಾರ್ಡಿಂಗು, ಎಲ್ಲಾ ಅಳಿಸಿ ಹೋಗ್ತಾವ. ಹೊಳ್ಳಿ ಬರೂದಿಲ್ಲ" ಅಂತ ಒಂದೊಂದೇ ಹೆಸರು ಹಿಡಿದು ಹೇಳುತ್ತೇನೆ. ಇದನ್ನೇ ದೊಡ್ಡ ಅಕ್ಷರದಲ್ಲಿ ಬರೆಸಿ ಕೌಂಟರಿನ ಮೇಲೆ ಅಂಟಿಸಿದ್ದೇನೆ, ಓದಿ ಸಹಿ ಮಾಡಿದ ಮೇಲೆಯೇ ರೀಸೆಟ್. ಹೀಗೆ ಕೇಳಲು ಶುರುಮಾಡಿದ ಮೇಲೆ ತುಂಬಾ ಜನ "ಒಂದು ನಿಮಿಷ ತಡೀರಿ" ಅನ್ನುತ್ತಾರೆ. ಮೊದಲು ಯಾರೂ ಅನ್ನುತ್ತಿರಲಿಲ್ಲ.

ಅರ್ಧ ತೇರು

ಸಿಗದ ಎಂಟರಲ್ಲಿ ಒಂದು ಹುಬ್ಬಳ್ಳಿಯ ಮನೆಯದು. ಕಪ್ಪು ಚಂದ್ರಕಾಳಿ, ಸೆರಗಿನ ಮೇಲೆ ಮೂರು ಅಂತಸ್ತಿನ ತೇರು. 2024ರ ಗಣೇಶ ಚೌತಿಯ ಹೊತ್ತಿಗೆ ಅಕ್ಕ ಫೋಟೋ ಹೊಡೆದಿದ್ದರು. ಅಂಥ ತೇರು ಅವರು ಬೇರೆಲ್ಲೂ ನೋಡಿಲ್ಲವಂತೆ. ಸೀರೆಯ ಒಡತಿ ಅಜ್ಜಿ ಡಿಸೆಂಬರ್‌ನಲ್ಲಿ ತೀರಿಕೊಂಡರು. ಮನೆಯವರು ಹಳೇ ಜರಿ ಕೊಳ್ಳುವವನಿಗೆ ಸೀರೆ ಕೊಟ್ಟುಬಿಟ್ಟರು.

ಫೋಟೋ ನೋಡಿಕೊಂಡು ಅಕ್ಕ ಒಂದು ಚೌಕ ಬಟ್ಟೆಯ ಮೇಲೆ ಆ ತೇರನ್ನು ಹಾಕಲು ಶುರುಮಾಡಿದ್ದರು. ಕೆಳಗಿನ ಅಂತಸ್ತು, ಗಾಲಿ ಮುಗಿದಿತ್ತು. ಈಗ ಅಕ್ಕ ಎಲ್ಲ ಚಿತ್ರಗಳನ್ನೂ ಗ್ರಾಫ್ ಹಾಳೆಯ ಮೇಲೆ ಪೆನ್ಸಿಲ್‌ನಲ್ಲಿ ಇಳಿಸುತ್ತಿದ್ದಾರೆ, ಒಂದು ಹೊಲಿಗೆಗೆ ಒಂದು ಗೆರೆ. ಕಳೆದ ತಿಂಗಳು ಅವರ ಮನೆಗೆ ಹೋದಾಗ ಆ ಹಾಳೆ ತೋರಿಸಿದರು. ಕೆಳಗೆ ಗಾಲಿ, ಕಂಬ, ಒಂದು ಅಂತಸ್ತು. ಮೇಲೆ ಖಾಲಿ ಚೌಕಗಳು.

ಮೇಲಿನದನ್ನು ಅಂದಾಜಿನಿಂದ ತುಂಬಬಹುದಲ್ಲ ಅಂತ ಕೇಳಿದೆ.

"ಅಂದಾಜ್ಲೆ ಹಾಕಿದ್ರ ಅದು ನನ್ನ ತೇರು ಆಗ್ತದಪಾ. ಆ ಅಜ್ಜೀದು ಆಗೂದಿಲ್ಲ" ಅಂದರು.

ಹಾಳೆಯನ್ನು ಹಾಗೇ ಫೈಲಿಗೆ ಸೇರಿಸಿದರು. ಅದರ ಫೋಟೋ ಮೂರೂ ಕಡೆ ಇದೆ.